ಸೀಲು ಒಡೆಯದೆ ತಂದ ವಿಯೆಟ್ನಾಮ್ ಫೋನು

ಕೊಪ್ಪ, ಹೊರಡುವ ಮುನ್ನ

ಹೊರದೇಶದಲ್ಲಿ ಕೊಂಡ ಫೋನು ನಮ್ಮ ಕಡೆ ಕೆಲಸ ಮಾಡುತ್ತದೆಯೇ ಎಂಬ ಅನುಮಾನ ಮಂಡ್ಯದಲ್ಲಿ ಯಾರಿಗೆ ಬಂದರೂ ಈಗ ನನ್ನನ್ನೇ ಕೇಳುತ್ತಾರೆ. ವಿಯೆಟ್ನಾಮಿಗೆ ಹೋಗಿಬಂದವಳನ್ನು ಅಲ್ಲಿಯ ನದಿ ಹೇಗಿತ್ತು, ಊಟ ಹೇಗಿತ್ತು ಎಂದು ಕೇಳುವುದು ವಾಡಿಕೆ. ನನಗೆ ಆ ಭಾಗ್ಯವಿಲ್ಲ. ಹಾಗಾಗಿ ನದಿ, ಊಟ, ಫೋನು ಮೂರನ್ನೂ ಇಲ್ಲಿ ಒಟ್ಟಿಗೇ ಹೇಳಿ ಮುಗಿಸುತ್ತೇನೆ.

ನಾನು ಮಂಡ್ಯದಲ್ಲಿ ಹೈಸ್ಕೂಲು ಟೀಚರು. ನಮ್ಮ ಯಜಮಾನರು ಚಂದ್ರು, ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭತ್ತದ ತಾಕುಗಳನ್ನು ನೋಡಿಕೊಳ್ಳುವವರು. ಪ್ರವಾಸದ ತಂಡವೊಂದಕ್ಕೆ ಹೆಸರು ಕೊಟ್ಟ ಮೇಲೆ, ಹೇಳಿ ಬರೋಣವೆಂದು ಕೊಪ್ಪಕ್ಕೆ ಅಕ್ಕ ಜಯಮ್ಮನ ಮನೆಗೆ ಹೋದೆವು. ಅಕ್ಕನ ಗಂಡ ನಂಜೇಗೌಡರು, ಅಂದರೆ ನಮ್ಮ ಭಾವ, ಕಬ್ಬು ಭತ್ತ ಬೆಳೆಯುವವರು. ಒಂದಷ್ಟು ಹಸುಗಳೂ ಲೋಕದ ಎಲ್ಲ ವಿಷಯದ ಮೇಲೆ ಒಂದೊಂದು ಅಭಿಪ್ರಾಯವೂ ಅವರಲ್ಲುಂಟು.

"ಪದ್ಮಾ, ನಮ್ಮಲ್ಲಿ ಮಾರೋ ಫೋನು ಎಷ್ಟೋ ಅಲ್ಲೇ ಮಾಡೋದಂತೆ ಕಣಮ್ಮ. ನಂಗೂ ಒಂದು ತಕಬಾ. ಗದ್ದೇಲೇ ಮುರ್ಕಂಡು ತಿನ್ನೋ ಕಬ್ಬಿಗೂ ಸಂತೆ ಕಬ್ಬಿಗೂ ವೆತ್ಯಾಸ ಇಲ್ವಾ?" ಅಂದರು. ಆಮೇಲೆ ಬೆರಳೆತ್ತಿ, "ಸೀಲು ಮಾತ್ರ ಒಡೀಬ್ಯಾಡ. ಇಲ್ಲಿ ದೇವ್ರ ಮುಂದೆ ಮಡಗಿ, ಪೂಜೆ ಮಾಡಿ, ನಾನೇ ಒಡೀತೀನಿ. ಅಲ್ಲೀಗಂಟ ಯಾರೂ ಅದ್ರಲ್ಲಿ ಅಲೋ ಅನ್ನಂಗಿಲ್ಲ" ಎಂದು ಕಟ್ಟಪ್ಪಣೆ ಮಾಡಿದರು.

ಇದರಲ್ಲಿ ವಿಶೇಷವೇನೂ ಇಲ್ಲ. ಆ ಮನೆಗೆ ಬಂದ ಟ್ರ್ಯಾಕ್ಟರು, ಮೇವು ಕತ್ತರಿಸುವ ಯಂತ್ರ, ಟಿವಿ, ಎಲ್ಲವೂ ಪೂಜೆ ಮಾಡಿಸಿಕೊಂಡೇ ಕೆಲಸ ಶುರು ಮಾಡಿದವು. ಅಕ್ಕನ ಮಿಕ್ಸಿಯ ಹಣೆಯ ಮೇಲಿನ ಕುಂಕುಮದ ಕಲೆ ಇವತ್ತಿಗೂ ಹೋಗಿಲ್ಲ. ಅಲ್ಲದೆ, ಸೀಲು ಒಡೆದದ್ದನ್ನು ಭಾವ ಹೊಸದೆಂದು ನಂಬುವವರೇ ಅಲ್ಲ.

ಆ ಮನೆಯಲ್ಲಿ ಎತ್ತಬಾರದ ಒಂದು ಹೆಸರಿತ್ತು. ಒಬ್ಬಳೇ ಮಗಳು ರೂಪ, ಮಳವಳ್ಳಿಯ ಆನಂದನನ್ನು ತಾನೇ ಮೆಚ್ಚಿ ಮದುವೆಯಾಗಿದ್ದಳು. ಹುಡುಗ ಒಳ್ಳೆಯವನು, ತಾಲ್ಲೂಕು ಕಚೇರಿಯ ಹಾದಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದಾನೆ. ಅವರ ಮನೆಯಲ್ಲಿ ಬುದ್ಧನ ಪಟ, ಭಾವನ ಮನೆಯಲ್ಲಿ ಮನೆದೇವರ ಪಟ. ಜಾತಿ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳದೆಯೇ ಅದು ತನ್ನ ಕೆಲಸ ಮಾಡಿತು. ಮದುವೆಯಾದಂದಿನಿಂದ ಭಾವ ಮಗಳೊಂದಿಗೆ ಮಾತಾಡಿಲ್ಲ. ಅಕ್ಕ ಮಾತ್ರ ಹುಲ್ಲು ಹಾಕುವ ನೆಪದಲ್ಲಿ ಕೊಟ್ಟಿಗೆಗೆ ಹೋಗಿ ಮಗಳಿಗೆ ಫೋನು ಮಾಡುತ್ತಾಳೆ. ಆ ಹಸುಗಳು ಅಷ್ಟು ದಪ್ಪಗಾಗಿರುವುದು ಅದಕ್ಕೇ. ರೂಪಳನ್ನು ಎತ್ತಿ ಆಡಿಸಿದವಳು ನಾನು. ಭಾವನ ಮೇಲೆ ನನಗೆ ಸಿಟ್ಟಿತ್ತು, ಆದರೆ ಎದುರಿಗೆ ಹೇಳುವ ಧೈರ್ಯವಿರಲಿಲ್ಲ.

ಸೈಗಾನ್

ಕಾಗದಪತ್ರದಲ್ಲಿ ಊರಿಗೆ ಬೇರೆ ಹೆಸರಿದ್ದರೂ ಅಲ್ಲಿಯ ಜನ ಸೈಗಾನ್ ಎಂದೇ ಅನ್ನುತ್ತಾರೆ. ವಿಮಾನ ಇಳಿದ ಕೂಡಲೇ ಅಲ್ಲಿಯದೇ ಒಂದು ಸಿಮ್ಮು ಕೊಂಡು ನನ್ನ ಹಳೆಯ ಫೋನಿಗೆ ಹಾಕಿಸಿಕೊಂಡೆ. ಈ ಸಿಮ್ಮನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಬೇಕಾದ ಹೊತ್ತಿನಲ್ಲಿ ನಾನು ಅದನ್ನು ಬಳಸಲಿಲ್ಲ.

ಆ ಊರಿನಲ್ಲಿ ಮೊದಲು ಕಲಿಯಬೇಕಾದ ವಿದ್ಯೆ ರಸ್ತೆ ದಾಟುವುದು. ನಾಲೆಗೆ ನೀರು ಬಿಟ್ಟ ಹಾಗೆ ಸ್ಕೂಟರುಗಳು ಬರುತ್ತಲೇ ಇರುತ್ತವೆ, ನಿಲ್ಲುವ ಮಾತೇ ಇಲ್ಲ. ನಮ್ಮ ಗೈಡು ಲಾನ್ ಎಂಬ ಹುಡುಗಿ ಉಪಾಯ ಹೇಳಿಕೊಟ್ಟಳು. ಓಡಬಾರದು, ನಿಲ್ಲಬಾರದು, ಹಿಂದಕ್ಕಂತೂ ಹೆಜ್ಜೆಯಿಡಲೇಬಾರದು. ನಿಧಾನವಾಗಿ ನಡೆಯುತ್ತಿದ್ದರೆ ಸ್ಕೂಟರಿನವರೇ ಬಳಸಿಕೊಂಡು ಹೋಗುತ್ತಾರೆ. ನಾವೆಲ್ಲ ಜೀವ ಕೈಯಲ್ಲಿ ಹಿಡಿದು ಹಾಗೇ ನಡೆದೆವು. ನಮ್ಮ ಯಜಮಾನರು ಮಾತ್ರ ನಡುರಸ್ತೆಯಲ್ಲಿ ಮಂಡ್ಯದ ನೂರಡಿ ರಸ್ತೆಯನ್ನು ನೆನೆಸಿಕೊಂಡು, ಬಸ್ಸು ನಿಲ್ಲಿಸುವವರಂತೆ ಕೈ ಎತ್ತಿದರು. ತಕ್ಷಣ ಒಬ್ಬ ಬಾಡಿಗೆ ಸ್ಕೂಟರಿನವನು ಬಂದು ನಿಂತು, ನಗುನಗುತ್ತ ಹೆಲ್ಮೆಟ್ಟು ಚಾಚಿದ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆಂದು ಇವರು ಅದನ್ನು ತಲೆಗೇರಿಸಿಯೂ ಬಿಟ್ಟರು. ಲಾನ್ ಓಡಿ ಹೋಗಿ ಬಿಡಿಸಿಕೊಂಡು ಬರದಿದ್ದರೆ ಆವತ್ತು ಯಾವ ಪೇಟೆಯಲ್ಲಿ ಇಳಿಯುತ್ತಿದ್ದರೋ.

ಅಷ್ಟೆಲ್ಲ ಆದರೂ ಯಾರೂ ಬೈಯಲಿಲ್ಲ. ನಮ್ಮ ಕಡೆಯಾಗಿದ್ದರೆ "ಯಾಕ್ಲಾ, ಮನೇಲಿ ಏಳ್ಬುಟ್ಟು ಬಂದಿದ್ದೀಯಾ?" ಎಂಬ ವಿಚಾರಣೆ ನಡೆದಿರುತ್ತಿತ್ತು. ಬೈಗುಳವಿಲ್ಲದ ರಸ್ತೆಯಲ್ಲಿ ನಡೆದು ನನಗೆ ಏನೋ ಕಳೆದುಕೊಂಡ ಹಾಗಾಯಿತು.

ಅಲ್ಲಿಯ ಕಾಫಿಯನ್ನು ಫುಟ್‌ಪಾತಿನಲ್ಲಿ, ಅಂಗನವಾಡಿ ಮಕ್ಕಳ ಅಳತೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕುಡಿಯಬೇಕು. ಲೋಟದ ಮೇಲೆ ಒಂದು ಪುಟ್ಟ ತಗಡಿನ ಪಾತ್ರೆ ಇಟ್ಟು ಹೋಗುತ್ತಾರೆ. ಅದರಿಂದ ಡಿಕಾಕ್ಷನ್ನು ಹನಿಹನಿಯಾಗಿ ಇಳಿಯುತ್ತದೆ. ನಮ್ಮ ಯಜಮಾನರು ಬಗ್ಗಿ ಬಗ್ಗಿ ನೋಡಿ, "ಹನಿ ನೀರಾವರಿ ಕಣೇ ಇದು" ಅಂದರು. ಜನ ಆ ಹನಿಗಳನ್ನು ನೋಡುತ್ತ ಎಷ್ಟು ಹೊತ್ತಾದರೂ ಕೂತಿರುತ್ತಾರೆ. ನಾವು ಅಷ್ಟರಲ್ಲಿ ಎರಡು ಸಲ ಕಾಫಿ ಕುಡಿದು, ಲೋಟ ತೊಳೆದು ಮಗುಚಿ ಹಾಕಿರುತ್ತೇವೆ. ಕುಡಿದು ಮುಗಿದ ಮೇಲೆ ಆ ಸ್ಟೂಲಿನಿಂದ ಇವರನ್ನು ಎಬ್ಬಿಸಲು ಇಬ್ಬರು ಬೇಕಾದರು.

ಮೆಕಾಂಗ್ ಬಯಲು

ಮೆಕಾಂಗ್ ನದಿಯ ಬಯಲಿಗೆ ಬಂದ ಮೇಲೆ ಇವರು ನಮ್ಮ ಕೈಗೆ ಸಿಗಲಿಲ್ಲ. ಎಲ್ಲರೂ ದೋಣಿಯ ಫೋಟೊ ತೆಗೆಯುತ್ತಿದ್ದರೆ, ಇವರು ಯಾರದೋ ಬದುವಿನ ಮೇಲೆ ಕೂತು ಭತ್ತದ ತೆನೆಯ ಕಾಳೆಣಿಸುತ್ತಿದ್ದರು. ಗದ್ದೆಯ ಯಜಮಾನ ಬಂದ. ಅವನಿಗೆ ಕನ್ನಡ ಬಾರದು, ಇವರಿಗೆ ಅವನ ಮಾತು ಬಾರದು. ಆದರೂ ಇಬ್ಬರೂ ತೆನೆ ಹಿಡಿದು, ತಲೆಯಾಡಿಸಿ, ಹುಳುವಿನ ಮೇಲೆ ದೂರು ಹೇಳಿಕೊಂಡು, ಕೊನೆಗೆ ಕೈ ಮುಗಿದುಕೊಂಡು ಬೀಳ್ಕೊಂಡರು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಮಾತನ್ನು ಅವರು ಅಷ್ಟು ಗಮನವಿಟ್ಟು ಕೇಳಿದ್ದು ಕಾಣೆ.

ಹಾದಿಯಲ್ಲಿ ಕಬ್ಬಿನ ಹಾಲಿನ ಗಾಡಿ ಕಂಡಿತು. ಮಂಡ್ಯದವರಿಗೆ ಪರದೇಶದಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೆಯಿಲ್ಲ. ಗಾಡಿಯ ಹೆಂಗಸು ಕಬ್ಬಿನ ಸಿಪ್ಪೆಯನ್ನು ಬೆಳ್ಳಗಾಗುವವರೆಗೆ ಹೆರೆದು, ನಡುವೆ ಗೋಲಿಯಷ್ಟು ಪುಟ್ಟ ಕಿತ್ತಳೆಗಳನ್ನು ಇಡಿಯಾಗಿ ತುರುಕಿ ಗಾಣಕ್ಕೆ ಕೊಟ್ಟಳು. ನಮ್ಮಲ್ಲಿ ನಿಂಬೆ, ಶುಂಠಿಯಾದರೆ ಅವರಲ್ಲಿ ಇದು. ತುಂಬ ಚೆನ್ನಾಗಿತ್ತು. ಇದನ್ನು ಒಪ್ಪಿಕೊಳ್ಳುವುದೋ ಬೇಡವೋ ಎಂದು ನಮ್ಮ ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಪರವಾಗಿಲ್ಲ" ಎಂದು ತೀರ್ಪಾಯಿತು. ಎಲ್ಲರೂ ಇನ್ನೊಂದು ಲೋಟ ಹಾಕಿಸಿಕೊಂಡರು.

ಮಧ್ಯಾಹ್ನ ಜೋಳಿಗೆಗಳ ಅಂಗಡಿ. ಗರಿ ಹೊದಿಸಿದ ಚಪ್ಪರದ ಕೆಳಗೆ ಸಾಲಾಗಿ, ಆಳು ಮಲಗುವಷ್ಟು ಉದ್ದದ ಬಲೆಯ ಜೋಳಿಗೆಗಳನ್ನು ತೊಟ್ಟಿಲಿನ ಹಾಗೆ ಕಟ್ಟಿರುತ್ತಾರೆ. ಒಂದು ಎಳನೀರು ಕೊಂಡರೆ ಮಲಗಿ ಒಂದು ನಿದ್ದೆ ತೆಗೆಯಬಹುದು. ದಾರಿಹೋಕರು, ಲಾರಿಯವರು, ಸ್ಕೂಟರಿನವರು ಎಲ್ಲರೂ ಹಾಗೇ ಮಲಗಿದ್ದರು. ನಾನೂ ಮಲಗಿ, ಅಕ್ಕನ ಫೋನಿಗೆ ವಿಡಿಯೊ ಕರೆ ಮಾಡಿದೆ. ಅಕ್ಕನ ಫೋನಿಗೆ ಮಾಡಿದರೆ ಮಾತಾಡುವುದು ಭಾವ. ಅವರದು ಹಳೆಯ ಗುಂಡಿ ಫೋನು, ಅದರಲ್ಲಿ ಮುಖ ಕಾಣುವುದಿಲ್ಲ.

"ಇದೇನಮ್ಮ, ಮನೀಕಳಕ್ಕೆ ಅಷ್ಟು ದೂರ ಓಗ್ಬೇಕಿತ್ತಾ? ನಮ್ಮನೆ ಜಗಲಿ ಇರ್ನಿಲ್ವಾ?" ಅಂದರು ಭಾವ. ಆಮೇಲೆ ದನಿ ತಗ್ಗಿಸಿ, "ಫೋನು ತಕಂಡ್ಯಾ?" ಎಂದರು.

ಪಗೋಡಾ

ಮಾರನೆಯ ದಿನ ನದಿಯ ಪಕ್ಕದ ಒಂದು ಪಗೋಡಾಕ್ಕೆ ಹೋದೆವು. ಪಗೋಡಾ ಎಂದರೆ ಬುದ್ಧನ ಗುಡಿ. ಬಾಗಿಲಲ್ಲಿ ಚಪ್ಪಲಿ ಬಿಡುವುದು, ಊದುಬತ್ತಿ ಹಚ್ಚುವುದು, ಹಣ್ಣು ಇಡುವುದು ಎಲ್ಲ ನಮ್ಮ ಹಾಗೇ. ಆದರೆ ಹಣ್ಣಿನ ಪಕ್ಕದಲ್ಲಿ ಬಿಸ್ಕತ್ತಿನ ಪೊಟ್ಟಣ, ಡಬ್ಬಿಯ ಸೋಡಾ ಕೂಡ ಇಟ್ಟಿದ್ದರು. ಒಬ್ಬ ಅಜ್ಜಿ ಕೈಮುಗಿದು ಮುಗಿಸಿ, ಬಿಸ್ಕತ್ತು ತೆಗೆದು ನನ್ನ ಕೈಗಿಟ್ಟಳು. ಎಲ್ಲ ಕಡೆಯೂ ಅಜ್ಜಿಯರು ಅಜ್ಜಿಯರೇ.

ಅಕ್ಕನಿಗೆ ತೋರಿಸೋಣವೆಂದು ಮತ್ತೆ ವಿಡಿಯೊ ಕರೆ ಮಾಡಿದೆ. ಎಂದಿನಂತೆ ಭಾವನ ಮುಖ ಬಂತು. ಫೋನನ್ನು ತಿರುಗಿಸಿ ದೊಡ್ಡ ಬುದ್ಧನನ್ನು ತೋರಿಸಿದೆ. ಭಾವ ಸುಮ್ಮನಾದರು. ಅವರು ಸುಮ್ಮನಾಗುವುದು ಅಪರೂಪ, ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

"ಅವ್ರ ಮನೇಲಿರೋದೂ ಇವ್ರೇ ಅಲ್ವೇನಮ್ಮ?"

ಯಾರ ಮನೆ ಎಂದು ನಾನು ಕೇಳಲಿಲ್ಲ. "ಹೂಂ ಭಾವ, ಇವ್ರೇ" ಅಂದೆ.

"ಸಾಂತವಾಗಿ ಅವ್ರೆ" ಅಂದರು. ಇನ್ನಷ್ಟು ಹೊತ್ತು ನೋಡಿದರು. "ನನ್ ಅಳೇ ಫೋನಲ್ಲಿ ಅವಳ ನಂಬ್ರ ಇಲ್ಲ ಕಣಮ್ಮ. ಸಿಟ್ಟಲ್ಲಿ ನಾನೇ ಅಳ್ಸಾಕ್ದೆ. ನಿಮ್ಮಕ್ಕನ ಫೋನಲ್ಲಿ ಮಾಡುದ್ರೆ ಅವಳೇ ಏಳಿ ಮಾಡ್ಸಿದಂಗಾಯ್ತದೆ. ಒಸ ಫೋನು ಬರ್ಲಿ. ಪೂಜೆ ಆದ್ಮೇಲೆ ಮೊದಲ್ನೇ ಫೋನು ಮಳವಳ್ಳಿಗೇ ಮಾಡ್ತೀನಿ. ನಿಮ್ಮಕ್ಕಂಗೆ ಯೋಳ್ಬ್ಯಾಡ."

ಕರೆ ಮುಗಿದ ಮೇಲೆ ನಾನು ಬುದ್ಧನ ಮುಂದೆ ಕೂತು ಅತ್ತೆ. ಬಿಸ್ಕತ್ತಿನ ಅಜ್ಜಿ ಬಂದು, ಏನೂ ಕೇಳದೆ ಒಂದು ಸೋಡಾ ಡಬ್ಬಿಯನ್ನೂ ಕೊಟ್ಟಳು.

ಫೋನಂಗಡಿ

ಕೊನೆಯ ದಿನ ಸೈಗಾನಿನಲ್ಲಿ ಫೋನು ಕೊಳ್ಳಲು ಹೋದಾಗ ಅದು ನನ್ನ ಪಾಲಿಗೆ ಫೋನಾಗಿ ಉಳಿದಿರಲಿಲ್ಲ. ದೇವರ ಪ್ರಸಾದವನ್ನು ಊರಿಗೆ ಮುಟ್ಟಿಸುವವಳ ಹಾಗೆ ಜಾಗರೂಕಳಾಗಿದ್ದೆ. ಅಂಗಡಿಯ ಹುಡುಗಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಸೀಲು ಕತ್ತರಿಸಲು ಪುಟ್ಟ ಚಾಕು ತೆಗೆದಳು. ನಾನು ಡಬ್ಬಿಯನ್ನು ಎದೆಗವಚಿಕೊಂಡೆ.

"ನೋ ಓಪನ್! ಪೂಜಾ!" ಅಂದರು ನಮ್ಮ ಯಜಮಾನರು. ಅವಳಿಗೆ ತಿಳಿಯಲಿಲ್ಲ. ಇವರು ಅಂಗಡಿಯ ನಡುವೆ ನಿಂತು ಇಲ್ಲದ ತೆಂಗಿನಕಾಯಿ ಒಡೆದು, ಇಲ್ಲದ ಮಂಗಳಾರತಿ ಎತ್ತಿ, ಡಬ್ಬಿಗೆ ಕೈಮುಗಿದು ತೋರಿಸಿದರು. ಅಂಗಡಿಯ ಜನರೆಲ್ಲ ಕೆಲಸ ಬಿಟ್ಟು ನೋಡಿದರು. ಇಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಆ ಹುಡುಗಿ ಬಿಡಲಿಲ್ಲ. ತನ್ನ ಫೋನಿನಲ್ಲಿ ಏನೋ ಬರೆದು, ಅದನ್ನು ಕನ್ನಡ ಮಾಡಿಸಿ ತೋರಿಸಿದಳು. "ದಯವಿಟ್ಟು ಇಲ್ಲಿ ತೆರೆಯಿರಿ. ನಮ್ಮ ದೇಶದ ಸಿಮ್ಮಿನಲ್ಲಿ ಐದು ನಿಮಿಷ ಮಾತನಾಡಿ. ನಂತರ ಮನೆಗೆ ಒಯ್ಯಿರಿ" ಎಂದಿತ್ತು. ಪರದೇಶದ ಅಂಗಡಿಯಲ್ಲಿ ಕನ್ನಡ ಕಂಡ ಸಂಭ್ರಮದಲ್ಲಿ ನಾನು ಅದರ ಅರ್ಥಕ್ಕಿಂತ ಅಕ್ಷರವನ್ನೇ ಹೆಚ್ಚು ನೋಡಿದೆ. ಫೋನು ಸರಿಯಿದೆಯೆಂದು ತೋರಿಸುವ ಅಂಗಡಿಯವರ ಶಾಸ್ತ್ರವಿದು ಅಂದುಕೊಂಡೆ. ಅಲ್ಲಿಯ ಸಿಮ್ಮು ನನ್ನ ಕೈಚೀಲದಲ್ಲೇ ಇತ್ತು. ಆದರೆ ಮೊದಲ ಮಾತನ್ನು ನಾನೇ ಆಡಿಬಿಟ್ಟರೆ ಭಾವನಿಗೇನು ಉಳಿಯಿತು? ಅದು ರೂಪಳಿಗೆ ಮೀಸಲಾದ ಮಾತು. ನಾನು ಬೇಡವೆಂದು ತಲೆಯಾಡಿಸಿದೆ. ಅವಳು ಇನ್ನೇನೋ ಬರೆಯತೊಡಗಿದಳು, ಅಷ್ಟರಲ್ಲಿ ವ್ಯಾನು ಹೊರಟಿತೆಂದು ಲಾನ್ ಕೂಗಿದಳು. ಬಾಗಿಲವರೆಗೂ ಬಂದ ಆ ಹುಡುಗಿಯ ಮುಖದಲ್ಲಿದ್ದ ಚಿಂತೆಯನ್ನು ಬೀಳ್ಕೊಡುಗೆಯ ದುಃಖವೆಂದು ತಿಳಿದು, ನಾನು ಕೈ ಬೀಸಿದೆ.

ಮತ್ತೆ ಕೊಪ್ಪ

ಭಾವ ನಾವು ಬರುವ ಮೊದಲೇ ಮದ್ದೂರಿಗೆ ಹೋಗಿ, ತಮ್ಮ ನಂಬರಿಗೆ ಹೊಸ ಫೋನಿಗಾಗುವಂಥ ಸಣ್ಣ ಸಿಮ್ಮು ಮಾಡಿಸಿಟ್ಟುಕೊಂಡಿದ್ದರು. ರಾಹುಕಾಲ ಕಳೆದ ಮೇಲೆ ಡಬ್ಬಿ ದೇವರ ಮುಂದೆ ಕೂತಿತು. ಅರಿಶಿನ, ಕುಂಕುಮ, ಒಂದು ಚೆಂಡುಹೂವು. ಅಕ್ಕಪಕ್ಕದವರು ಬಂದಿದ್ದರು. ಭಾವ ಮಡಿಪಂಚೆಯುಟ್ಟು ಸೀಲು ಒಡೆದರು. ಫೋನು ಕನ್ನಡಿಯ ಹಾಗೆ ಹೊಳೆಯಿತು. "ನೋಡ್ರಲಾ, ಮಾಡೋ ಜಾಗದಿಂದ್ಲೇ ಬಂದದ್ದು" ಎಂದು ನೆರೆಯವರಿಗೆಲ್ಲ ಒಂದು ಸುತ್ತು ತೋರಿಸಿದರು.

ನಾನು ಸಿಮ್ಮು ಹಾಕಿದೆ, ರೂಪಳ ನಂಬರನ್ನೂ ಸೇರಿಸಿದೆ. ಭಾವ ಫೋನು ಹಿಡಿದುಕೊಂಡು, ಕಬ್ಬಿಗೆ ನೀರು ಕಟ್ಟಿದೆಯೋ ನೋಡುತ್ತೇನೆ ಎಂದು ಹಿತ್ತಲಿಗೆ ಹೋದರು. ಹಿತ್ತಲಲ್ಲಿ ಕಬ್ಬಿಲ್ಲ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತೆ. ಅವರು ಒತ್ತಿದರು, ಕಿವಿಗಿಟ್ಟರು, ತೆಗೆದು ನೋಡಿದರು, ಮತ್ತೆ ಒತ್ತಿದರು. ಬಹಳ ಹೊತ್ತಾದ ಮೇಲೆ ಒಳಗೆ ಬಂದು, ಫೋನನ್ನು ನನ್ನ ಕೈಯಲ್ಲಿಟ್ಟರು.

"ಇದ್ಕೇ ಇಷ್ಟ ಇಲ್ಲ ಕಣಮ್ಮ" ಅಂದರು.

ಸಿಮ್ಮನ್ನು ಒಪ್ಪುವುದಿಲ್ಲವೆಂದು ಫೋನು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಭಾವನ ಮುಖ ನೋಡಲಾಗದೆ ನಾನು ಅದನ್ನೇ ನೋಡುತ್ತ ಕೂತೆ. ಇಷ್ಟು ದಿನಕ್ಕೆ ಒಂದು ಸಲ ಮೆತ್ತಗಾಗಿದ್ದ ಮನುಷ್ಯ, ಇದೊಂದು ಶಕುನವೆಂದುಕೊಂಡು ಮತ್ತೆ ಗಟ್ಟಿಯಾದರೆ? ಆ ರಾತ್ರಿ ಅಲ್ಲೇ ಉಳಿದೆವು, ನನಗೆ ನಿದ್ದೆ ಬರಲಿಲ್ಲ.

ಮದ್ದೂರು

ಬೆಳಿಗ್ಗೆ ಭಾವನನ್ನು ಹೊರಡಿಸಿಕೊಂಡು ಮದ್ದೂರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಫೋನು ರಿಪೇರಿಯವರು ಫೋನು ನೋಡಲೇ ಇಲ್ಲ, ಡಬ್ಬಿ ಕೇಳಿದರು.

"ಎಲ್ಲಾ ಫೋನ್ಗೂ ಇರಲ್ಲ ಮೇಡಂ, ಕೆಲವಕ್ಕೆ ಇಂಥ ಬೀಗ ಇರ್ತದೆ. ಕೊಂಡ ದೇಶದಲ್ಲೇ ಅಲ್ಲೀ ಸಿಮ್ ಹಾಕಿ ಮೊದ್ಲು ಐದು ನಿಮಿಷ ಮಾತಾಡ್ಬೇಕು. ಆಮೇಲೆ ಯಾವ ದೇಶದ್ದು ಹಾಕುದ್ರೂ ಒಪ್ಕತದೆ. ಡಬ್ಬಿ ಮೇಲೇ ಬರ್ದವ್ರಲ್ಲಾ." ಅವರು ಬೆರಳಿಟ್ಟ ಜಾಗದಲ್ಲಿ ಭಾವ ಬಳಿದ ಅರಿಶಿನ ಕುಂಕುಮವಿತ್ತು. ಕೆರೆದರೆ ಅದರಡಿಯಲ್ಲಿ ಚೀಟಿ, ಇಂಗ್ಲಿಷಿನಲ್ಲೂ ಇತ್ತು. ಮಕ್ಕಳಿಗೆ ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಎಂದು ದಿನಾ ಹೇಳುವವಳು ನಾನು.

"ಐದು ನಿಮಿಷ ಮಾತಾಡಕ್ಕೆ ನಿಂಗೇನಮ್ಮ ದಾಡಿ?" ಎಂದರು ಭಾವ.

"ಯಾರೂ ಅಲೋ ಅನ್ನಂಗಿಲ್ಲ ಅಂದೋರು ಯಾರು ಭಾವ?"

ಭಾವ ಟವೆಲಿನಿಂದ ಮುಖ ಒರೆಸಿಕೊಂಡರು. ಅಂಗಡಿಯವರಿಗೆ ನಗು ಬಂದಿರಬೇಕು. ಮಂಡ್ಯದಲ್ಲಿ ಕಂಪನಿಯ ಸರ್ವೀಸು ಅಂಗಡಿಯಿದೆ, ಬಿಲ್ಲು ತೋರಿಸಿದರೆ ಬೀಗ ತೆಗೆಸಿಕೊಡುತ್ತಾರೆ, ಸ್ವಲ್ಪ ದಿನ ಹಿಡಿಯುತ್ತದೆ ಅಂದರು. ಅಲ್ಲಿಯವರೆಗೆ ವೈಫೈ ಇರುವ ಕಡೆ ವಾಟ್ಸಾಪಿನಲ್ಲಿ ಮಾತಾಡಬಹುದು. ಭಾವನ ಸಿಮ್ಮನ್ನು ತಮ್ಮ ಫೋನಿಗೆ ಹಾಕಿ, ಅದಕ್ಕೆ ಬರುವ ಓಟಿಪಿ ನೋಡಿಕೊಂಡು, ಹೊಸ ಫೋನಿನಲ್ಲಿ ವಾಟ್ಸಾಪನ್ನೂ ಕೂರಿಸಿಕೊಟ್ಟರು. "ಬೇಕಾದ್ರೆ ನಮ್ ವೈಫೈಯಲ್ಲೇ ಒಂದು ಫೋನ್ ಮಾಡಿ ಯಜಮಾನ್ರೇ" ಅಂದರು.

ಅಂಗಡಿಯ ತುಂಬ ಜನ. ಭಾವ ಒಮ್ಮೆ ಸುತ್ತ ನೋಡಿದರು. "ಇಲ್ಲಿ ಬ್ಯಾಡ" ಅಂದರು. ಹೊರಗೆ ಬಂದು, ಕೊಪ್ಪದ ಬಸ್ಸು ನಿಲ್ಲುವ ಕಡೆ ಬಿಟ್ಟು ಬೇರೆ ಕಡೆ ನಡೆದರು.

"ಮಳವಳ್ಳೀಲಿ ಆ ಹುಡುಗನ ಅಂಗಡೀಲಿ ವೈಫೈ ಅದೆಯಂತೆ."

ಹಾಗೆಂದು ಅವರಿಗೆ ಹೇಳಿದವರಾರು? ಕೊಟ್ಟಿಗೆಯ ಮಾತುಗಳನ್ನು ಕೇಳಿಸಿಕೊಂಡವು ಹಸುಗಳಷ್ಟೇ ಅಲ್ಲವೆಂದು ಆಗ ಗೊತ್ತಾಯಿತು.

"ಭಾವ, ಓಗ್ತಿರೋದು ಫೋನ್ಗಾ, ಮಗಳ್ಗಾ?"

"ಫೋನ್ಗೆ ಕಣಮ್ಮ. ಸುಮ್ಕೆ ಬಸ್ ಅತ್ತು."

ಮಳವಳ್ಳಿ

ದಾರಿಯುದ್ದಕ್ಕೂ ಭಾವ ಫೋನನ್ನು ಜೇಬಿನಿಂದ ತೆಗೆದು ನೋಡುವುದು, ಒಳಗಿಡುವುದು. ಇಳಿದ ಮೇಲೆ ಅಂಗಡಿ ಕಾಣುತ್ತಲೇ ಅವರ ಕಾಲು ನಿಂತಿತು. ಪಕ್ಕದ ಗೋಡೆಗೆ ಒರಗಿಕೊಂಡು, "ನೀನೋಗಿ ಅದೇನೋ ಪಾಸ್‌ವರ್ಡು ಇಸ್ಕಬಾ. ನಾನ್ ಬಂದಿವ್ನಿ ಅನ್ಬ್ಯಾಡ" ಅಂದರು.

ಒಳಗೆ ರೂಪ ಯಾರದೋ ಅರ್ಜಿ ತುಂಬಿಸುತ್ತಿದ್ದಳು. "ಚಿಕ್ಕಮ್ಮಾ! ವಿಯೆಟ್ನಾಮಿಂದ ಯಾವಾಗ ಬಂದ್ರಿ?" ಎಂದು ತಬ್ಬಿಕೊಂಡಳು. ಆನಂದ ಕುರ್ಚಿ ಎಳೆದುಕೊಟ್ಟ. ನಾನು ಕೂರದೆ, ನನ್ನ ಫೋನಿಗೆಂದು ಪಾಸ್‌ವರ್ಡು ಬರೆಸಿಕೊಂಡು ಹೊರಗೆ ಓಡಿದೆ. ಗೋಡೆಯ ಬದಿಯಲ್ಲಿ ಭಾವನ ಫೋನಿಗೆ ವೈಫೈ ಸಿಕ್ಕಿತು. ರೂಪಳ ಹೆಸರನ್ನು ತೋರಿಸಿ, ನಾನು ಅಂಗಡಿಯ ಬಾಗಿಲಿಗೆ ಬಂದು ನಿಂತೆ.

ಮೇಜಿನ ಮೇಲೆ ರೂಪಳ ಫೋನು ಹೊಡೆದುಕೊಂಡಿತು. ಅದರ ಮೇಲೆ 'ಅಪ್ಪಾಜಿ' ಎಂದು ಬಂತು. ಅವರು ಅವಳ ನಂಬರನ್ನು ಅಳಿಸಿದ್ದರು, ಅವಳು ಅವರದನ್ನು ಅಳಿಸಿರಲಿಲ್ಲ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಎತ್ತಿಕೊಂಡಳು.

"ಅಪ್ಪಾಜಿ?"

ಗೋಡೆಯಾಚೆಯಿಂದ ಭಾವನ ದನಿ ಬರಿಗಿವಿಗೇ ಕೇಳುತ್ತಿತ್ತು. "ಅಲೋ. ಕೇಳ್ತದಾ?"

"ಕೇಳ್ತದೆ."

"ಇದು ವಿಯೆಟ್ನಾಮ್ ಫೋನು ಕಣವ್ವ. ಕೆಲ್ಸ ಮಾಡ್ತದಾ ಅಂತ ನೋಡ್ದೆ."

"ಮಾಡ್ತದೆ ಅಪ್ಪಾಜಿ." ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಎಲ್ಲಿದ್ದೀರಿ?"

"ಇಲ್ಲೇ. ನಿಮ್ಮ ಗೋಡೆ ಪಕ್ಕ."

"ಅಲ್ಯಾಕೆ ನಿಂತಿದ್ದೀರಿ? ಒಳಕ್ಕೆ ಬನ್ನಿ."

"ಒಳಕ್ಕೆ ಬಂದ್ರೆ ಸಿಗ್ನಲ್ಲು ಇರ್ತದಾ?"

"ಒಳಗೇ ಅಪ್ಪಾಜಿ ಜಾಸ್ತಿ ಇರೋದು."

ಭಾವ ಫೋನನ್ನು ಕಿವಿಗಿಟ್ಟುಕೊಂಡೇ ಒಳಗೆ ಬಂದರು. ಅಪ್ಪ ಮಗಳು ಎದುರುಬದುರು ನಿಂತರು. ಇಬ್ಬರ ಕಿವಿಯಲ್ಲೂ ಇನ್ನೂ ಫೋನಿತ್ತು. ಆನಂದ ತಾನು ಕೂತಿದ್ದ ಕುರ್ಚಿಯನ್ನು ಮೆಲ್ಲಗೆ ಮುಂದೆ ತಳ್ಳಿದ. ಭಾವ ಕೂತರು. ಗೋಡೆಯ ಮೇಲಿನ ಬುದ್ಧನ ಪಟವನ್ನು ನೋಡಿದರು. ಆಮೇಲೆ ಅಳಿಯನ ಕಡೆ ತಿರುಗಿ, ತಾವೇ ಹೋಗಿಬಂದವರ ಹಾಗೆ, "ವಿಯೆಟ್ನಾಮಲ್ಲೂ ಇವ್ರೇ ಅವ್ರೆ ಕಣಪ್ಪ. ಭಾಳ ದೊಡ್ಡದು" ಎಂದರು. ಅಳಿಯನೊಂದಿಗೆ ಅವರು ಆಡಿದ ಮೊದಲ ಮಾತು ಅದು. ಆವತ್ತು ಅಲ್ಲೇ ಊಟ ಮಾಡಿದರು, ಸಾರು ಎರಡು ಸಲ ಹಾಕಿಸಿಕೊಂಡರು.

ಆಮೇಲೆ ನಾನು ಬಿಲ್ಲು ಹಿಡಿದು ಮಂಡ್ಯದ ಸರ್ವೀಸು ಅಂಗಡಿಗೆ ಅಲೆದು, ಬೀಗ ತೆಗೆದುಕೊಡಲು ಅವರನ್ನು ಒಪ್ಪಿಸಿದೆ. ಆ ಸಂತೋಷಕ್ಕೆ ಭಾವನಿಗೆ ಹೇಳಿದರೆ ಅವರು ಹೌಹಾರಿದರು.

"ಬ್ಯಾಡ ಬುಡಮ್ಮ! ಸುಮ್ನಿರು. ಚೆನ್ನಾಗಿರೋದ್ನ ಯಾಕೆ ಕೆಡಿಸ್ತೀಯಾ?"

ಈಗ ಆ ಫೋನು ವಾರವೆಲ್ಲ ಕೊಪ್ಪದಲ್ಲಿ ದೇವರ ಗೂಡಿನಲ್ಲಿರುತ್ತದೆ. ಭಾನುವಾರ ಬೆಳಿಗ್ಗೆ ಭಾವನ ಜೇಬಿಗೆ ಬರುತ್ತದೆ. ಅಕ್ಕ ಕೊಟ್ಟಿಗೆಯಿಂದ ಹೊರಬಿದ್ದು, ಸೀರೆ ಬದಲಾಯಿಸಿ ಜೊತೆಗೆ ಹೊರಡುತ್ತಾಳೆ. ಎಲ್ಲಿಗೆಂದು ಯಾರಾದರೂ ಕೇಳಿದರೆ, "ಫೋನ್ಗೆ ಸಿಗ್ನಲ್ಲು ಇಡ್ಸಕ್ಕೆ" ಎನ್ನುತ್ತಾರೆ ಭಾವ. ಹಸುಗಳು ಸ್ವಲ್ಪ ಸಣ್ಣಗಾಗಿವೆ.

ಹಾಗಾಗಿ, ಹೊರದೇಶದಲ್ಲಿ ಕೊಂಡ ಫೋನು ನಮ್ಮ ಕಡೆ ಕೆಲಸ ಮಾಡುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ಮಾಡುತ್ತದೆ. ಆದರೆ ಮಳವಳ್ಳಿಯವರೆಗೆ ಬಸ್ಸಿನಲ್ಲಿ ಹೋಗಬೇಕು.